ಮಹಾಪ್ರಾಣ

ಎಂಬತ್ತು ಮೀಟರು ಮೇಲೆ, ಫ್ಯಾನಿನ ಬೆನ್ನಿನ ಪೆಟ್ಟಿಗೆಯಲ್ಲಿ ಕೂತು
ಗೇರ್‌ಬಾಕ್ಸಿಗೆ ಗ್ರೀಸು ತುಂಬುವಾಗ
ಕಿವಿಯೊಳಗೆ ಒಬ್ಬಳು ಡಚ್ಚು ಹೇಳಿಕೊಡುತ್ತಾಳೆ:
ಖೂದೆಮೊರ್ಖೆನ್. ಅಂದರೆ ಶುಭೋದಯ. ಈಗ ನೀವು ಹೇಳಿ.
ಕೂದೆಮೊರ್ಕೆನ್, ಅನ್ನುತ್ತೇನೆ.
ಇನ್ನೊಮ್ಮೆ ಹೇಳಿ, ಅನ್ನುತ್ತಾಳೆ.
ಬೇಸರವಿಲ್ಲ ಅವಳಿಗೆ. ಯಂತ್ರಕ್ಕೆ ಯಾವ ಬೇಸರ.

ಕೆಳಗೆ ಜೋಗಿಮಟ್ಟಿಯ ಬೆನ್ನು, ಅದರಾಚೆ ಕೋಟೆ,
ಕೋಟೆಯಾಚೆ ಹೆದ್ದಾರಿಯಲ್ಲಿ ಇರುವೆ ಸಾಲಿನಂಥ ಲಾರಿ.
ಜನವರಿಗೆ ನಾನು ಖ್ರೋನಿಂಗನ್ನಿಗೆ ಹೋಗಬೇಕು,
ನಾಲ್ಕು ತಿಂಗಳು, ಹೊಸ ಮಾದರಿಯ ರೆಕ್ಕೆ ಬಿಚ್ಚಿ ಕಟ್ಟುವುದು ಕಲಿಯಲು.
ಇಂಗ್ಲಿಷು ಸಾಕಪ್ಪ ಎಂದರು ಆಫೀಸಿನಲ್ಲಿ.
ಮೇಲೆ ಹತ್ತಿದವನು ಹೆದರಿದಾಗ ಯಾವ ಭಾಷೆಯಲ್ಲಿ ಕೂಗುತ್ತಾನೆ
ಅಂತ ಅವರಿಗೇನು ಗೊತ್ತು.
ಬೋಲ್ಟು ಜಾರಿತು, ಹಗ್ಗ ಹಿಡಿ, ಸರಿಯೋ ಪಕ್ಕಕ್ಕೆ:
ಇವನ್ನು ಯಾರೂ ಅನುವಾದ ಮಾಡಿ ಕೂಗುವುದಿಲ್ಲ.

ನಮ್ಮ ಕಡೆ ಮಹಾಪ್ರಾಣಕ್ಕೆ ಬೆಲೆಯಿಲ್ಲ.
ಖಾರ ನಮಗೆ ಕಾರ, ಭೂಮಿ ಬೂಮಿ,
ಧರ್ಮವೂ ದರ್ಮವೇ; ಅದರಿಂದ ಯಾರ ಹೊಟ್ಟೆಗೂ ಕಡಿಮೆಯಾಗಿಲ್ಲ.
ಆರನೇ ಕ್ಲಾಸಿನಲ್ಲಿ ತಿಮ್ಮಾರೆಡ್ಡಿ ಮೇಷ್ಟ್ರು
ತಮ್ಮ ಹೊಟ್ಟೆಯ ಮೇಲೆ ನನ್ನ ಅಂಗೈ ಇಟ್ಟು
ಉಸಿರು ಒತ್ತೋ ಪಾಲಯ್ಯಾ, ಒತ್ತು, ಎಂದಿದ್ದರು.
ಆದರೆ ಇದು ಅದೂ ಅಲ್ಲ. ಅದಕ್ಕಿಂತ ಕೆಳಗಿನದು.
ಬತ್ತಿದ ಬೋರಿನಿಂದ ಬರೀ ಗಾಳಿ ಎದ್ದಂತೆ.

ಮಧ್ಯಾಹ್ನ ಗೇಟಿನ ನೆರಳಲ್ಲಿ ಬುತ್ತಿ ಬಿಚ್ಚುವಾಗ
ವಾಚ್‌ಮನ್ ಮುದುಕ ಫೋನಿನಲ್ಲಿ ಮಗಳನ್ನು ಬಯ್ಯುತ್ತಿದ್ದ.
ಖಾಲಿ, ಖರ್ಚು, ಖಬರಿಲ್ಲ, ಬಖ್ರೀದಿಗಾದರೂ ಬಾ...
ರೊಟ್ಟಿ ಮುರಿದ ಕೈ ಹಾಗೇ ನಿಂತಿತು.
ನಾನು ಮೇಲೆಲ್ಲ ಹುಡುಕಿದ ಅಕ್ಷರ
ಹನ್ನೊಂದು ವರ್ಷದಿಂದ ಇಲ್ಲೇ, ಗೇಟಿನ ಹತ್ತಿರ,
ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿತ್ತು.

ಹೇಳಿಕೊಡು, ಎಂದೆ.
ನಕ್ಕು, ಹಲ್ಲುಸೆಟ್ಟು ತೆಗೆದು ಲೋಟಕ್ಕೆ ಹಾಕಿದ,
ಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ ಎಂದು ತೋರಿಸಲು.
ಮೀನಿನ ಮುಳ್ಳು ಸಿಕ್ಕಿದೆ ಅಂದ್ಕೋ. ಕೆಮ್ಮಬೇಡ.
ಮೆತ್ತಗೆ ಮೇಲಕ್ಕೆ ಕರಿ.

ಒಂದು ವಾರ ಕೆಮ್ಮಿದೆ.
ಸೀತಾಫಲದ ಬೀಜ ಉಗಿದಂತೆ ಉಗಿದೆ.
ಎಂಟನೆಯ ದಿನ ಬಂತು, ಆದರೆ ಬಂದದ್ದು ಖ್ರೋನಿಂಗನ್ ಅಲ್ಲ.
ಬೈಕು ನಿಲ್ಲಿಸಿ, ಕಲಂದರ್ ಗೇಟು, ಎಂದು ದಿನದಂತೆ ಕೂಗಲು ಹೋದೆ.
ಖಲಂದರ್ ಸಾಬ್ರೇ, ಎಂದಿತು ಬಾಯಿ.

ಅವರು ತಿರುಗಿ, ನನ್ನ ಹಿಂದೆ ನೋಡಿದರು,
ತಮ್ಮವರು ಯಾರೋ ಬಂದಿದ್ದಾರೆ ಎಂದು.

ಎಣಿಕೆಯೂ ಅಲ್ಲಿ ಹಿಂದುಮುಂದು.
ಇಪ್ಪತ್ತೈದಕ್ಕೆ ಐದು ಮತ್ತು ಇಪ್ಪತ್ತು ಅನ್ನುತ್ತಾರೆ.
ಬೋಲ್ಟು ಬಿಗಿಯುವವನಿಗೆ ಇದು ತಮಾಷೆಯಲ್ಲ,
ಐವತ್ತೆರಡು ಕೇಳಿಸಿಕೊಂಡರೆ ಮರೆ ಹರಿದುಹೋಗುತ್ತದೆ.
ಸಾಬರು ಬೀಡಿ ಹಚ್ಚಿ ಯೋಚಿಸಿದರು:
ಪಚ್ಚೀಸಿನಲ್ಲೂ ಪಾಂಚೇ ಮೊದಲಲ್ಲವೇನಪ್ಪ?

ಗಾಳಿಗೆ ಅಲ್ಲಿ ವಿಂಡ್ ಎಂದು ಬರೆದು ವಿಂಟ್ ಎಂದು ಓದುತ್ತಾರೆ.
ನಮ್ಮಮ್ಮ ಗಾಳಿಗೆ ಗಾಲಿ ಅನ್ನುತ್ತಾಳೆ, ಮನೆಮಾತು ತೆಲುಗು.
ಜೋರಾಗಿ ಗಾಲಿ ಬೀಸಿತು ಎಂದು ಪ್ರಬಂಧ ಬರೆದು
ಏಟು ತಿಂದವನು ನಾನು.
ಗಾಲಿ ಉರುಳುತ್ತೆ ಕಣೋ, ಬೀಸಲ್ಲ.
ಮೇಷ್ಟ್ರೇ, ಒಮ್ಮೆ ಈ ಗುಡ್ಡ ಹತ್ತಿ ಬನ್ನಿ.

ರಾತ್ರಿ, ಪಾಠ ಹದಿನಾಲ್ಕು: ನೀವು ಎಲ್ಲಿಯವರು?
ಇಕ್ ಕೊಮ್ ಔತ್ ಚಿತ್ರದುರ್ಗ, ಎಂದೆ.
ಇನ್ನೊಮ್ಮೆ ಹೇಳಿ.
ಹೇಳಿದೆ.
ಇನ್ನೊಮ್ಮೆ.
ಅವರ ಬಾಯಲ್ಲಿ ನಮ್ಮ ಗ ಇಲ್ಲ. ನೋಡೋಣ ಎಂದು
ಚಿತ್ರದುರ್ಖ, ಎಂದೆ.
ಹಸಿರು ಟಿಕ್ಕು ಬಿತ್ತು.

ಹಾಗಾದರೆ ಅಲ್ಲಿ ನನ್ನೂರು ಹೀಗೆ.
ತಿದ್ದಬೇಕೋ ಬೇಡವೋ, ಬೆಳಿಗ್ಗೆ ಗೇಟಿನಲ್ಲಿ
ಖಲಂದರ್ ಸಾಬರನ್ನು ಕೇಳಬೇಕು;
ಹನ್ನೊಂದು ವರ್ಷ ಹೇಗೆ ಸುಮ್ಮನಿದ್ದರು ಅಂತಲೂ.